ಹನ್ನೆರಡು ನಲವತ್ತೊಂದರ ನಗು

ಮಾರ್ಚ್ 5, ಬುಧವಾರ

ನಲವತ್ತೊಂದು ಸಾವಿರದ ಇನ್ನೂರು! ಈ ಅಂಕಿಯನ್ನು ಎಲ್ಲಾದರೂ ಬರೆದಿಡದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ ಅನ್ನಿಸಿ, ಮೇಜಿನ ಖಾನೆಯಲ್ಲಿ ಎರಡು ತಿಂಗಳಿಂದ ಬಿದ್ದಿದ್ದ ಈ ಡೈರಿಯನ್ನು ಬೆಳಿಗ್ಗೆ ಹೊರಗೆ ತೆಗೆದೆ. ಖಾಲಿ ಹಾಳೆಗೂ ಒಂದು ಮರ್ಯಾದೆ ಇದೆ, ಆದ್ದರಿಂದ ಮೊದಲು ಪರಿಚಯ. ನಾನು ನಗರದ ಆರೋಗ್ಯ ಕಚೇರಿಯ ಆನ್‌ಲೈನ್ ಪುಟ ನೋಡಿಕೊಳ್ಳುವವಳು. ಕೈ ತೊಳೆಯಿರಿ, ನೀರು ಕುದಿಸಿರಿ, ಉಪ್ಪು ಕಡಿಮೆ ಮಾಡಿ ಎಂದು ದಿನಕ್ಕೆರಡು ಸಲ ಊರಿಗೆಲ್ಲ ಬುದ್ಧಿ ಹೇಳುವುದು ನನ್ನ ಉದ್ಯೋಗ. ಅದಕ್ಕೇ ಅಲ್ಲಿ ನನಗೆ ಪುಟಮ್ಮ ಎಂದು ಹೆಸರು. ಇಟ್ಟವನು ಎದುರು ಮೇಜಿನಲ್ಲಿ ಕೂತು ಪೋಸ್ಟುಗಳಿಗೆ ಚಿತ್ರ ಮಾಡಿಕೊಡುವವನು. ಅವನಿಗೆ ಕುಂಚಣ್ಣ ಎಂದು ಹೆಸರಿಟ್ಟವಳು ನಾನು. ಅಲ್ಲಿಗೆ ಸರಿಹೋಯಿತು.

ನಿನ್ನೆ ನಮ್ಮ ಕಚೇರಿಯ ಪಾರ್ಶ್ವವಾಯು ಅರಿವಿನ ದಿನ, ಅಂದರೆ ಜನ ಲಕ್ವ ಅನ್ನುವ ಕಾಯಿಲೆಯದು. ನಾಲ್ಕು ದಿನ ಕೂತು, ಹತ್ತು ಸಲ ಹೊಡೆದು ತಿದ್ದಿ ಬರೆದ ಪೋಸ್ಟು: ನಗು ಒಂದು ಕಡೆಗೆ ಸೊಟ್ಟಗಾಯಿತೆ? ಒಂದು ಕೈ ಮೇಲೇಳುತ್ತಿಲ್ಲವೆ? ಮಾತು ತೊದಲುತ್ತಿದೆಯೆ? ಈ ಕ್ಷಣವೇ ಆಸ್ಪತ್ರೆಗೆ ಹೊರಡಿ, ನಾಲ್ಕೂವರೆ ಗಂಟೆಯೊಳಗೆ ಇಂಜೆಕ್ಷನ್ ಸಿಕ್ಕರೆ ಮನುಷ್ಯ ಮೊದಲಿನಂತಾಗಬಹುದು. ನಮ್ಮ ಮೇಲಧಿಕಾರಿ ಮೇಡಂ ಒಪ್ಪಿಗೆ ಕೊಟ್ಟ ಪಟ್ಟಿಯ ಪ್ರಕಾರ ಇದು ಮಧ್ಯಾಹ್ನ ಹನ್ನೆರಡಕ್ಕೆ ಹೋಗಬೇಕಿತ್ತು. ಸಂಜೆ ಆರೂವರೆಗೆ ದಂತ ವಿಭಾಗದವರ ನಗುವಿನ ಸ್ಪರ್ಧೆ, ಅಂದರೆ ಮನೆಯವರ ನಗುವ ಫೋಟೋ ತೆಗೆದು ನಮಗೆ ಕಳಿಸುವುದು. ನಾನು ಎರಡನ್ನೂ ಅದಲುಬದಲು ಮಾಡಿದೆ. ಮಧ್ಯಾಹ್ನ ನಮ್ಮ ಪುಟ ನೋಡುವವರು ಹೆಚ್ಚೆಂದರೆ ಐದಾರು ಸಾವಿರ. ಸಂಜೆ ಬಸ್ಸಿನಲ್ಲಿ ಕೂತವರೆಲ್ಲ ಫೋನು ಹಿಡಿದಿರುತ್ತಾರೆ. ಬಿತ್ತುವವನಿಗೆ ಹದ ಗೊತ್ತಿರಬೇಕು ಅಂತಾರಲ್ಲ, ಹಾಗೆ.

ಸ್ಪರ್ಧೆಗೆ ನೂರಹನ್ನೆರಡು ಫೋಟೋ ಬಂದವು. ಊಟದ ಡಬ್ಬಿ ಒಂದು ಕಡೆ, ಫೋನು ಒಂದು ಕಡೆ ಇಟ್ಟುಕೊಂಡು ಎಲ್ಲರಿಗೂ ಉತ್ತರ ಕೊಟ್ಟೆ. "ಎಷ್ಟು ಚೆಂದದ ನಗು!" ಎಂದು ನೂರಹನ್ನೆರಡು ಸಲ.

ತಿಂಗಳ ಕೊನೆಗೆ ನನ್ನ ಗುತ್ತಿಗೆ ಮುಗಿಯುತ್ತದೆ. ಮುಂದುವರಿಯಬೇಕಾದರೆ ಒಂದಾದರೂ ಪೋಸ್ಟು ನಲವತ್ತು ಸಾವಿರ ಮುಟ್ಟಲಿ ಎಂದು ಮೇಡಂ ಮೊದಲೇ ಹೇಳಿದ್ದರು. ಮುಟ್ಟಿಸಿದೆ. ಅಮ್ಮನಿಗೆ ಹೇಳಿದೆ. ಅವಳು ಕನ್ನಡಕ ಒರೆಸಿಕೊಳ್ಳುತ್ತಾ, "ಅಷ್ಟು ಜನ ನೋಡಿದ್ರಾ? ನೋಡಿ ಏನ್ ಮಾಡಿದ್ರು?" ಎಂದಳು. ಅಮ್ಮನಿಗೆ ಸಂತೋಷಪಡುವುದು ಗೊತ್ತಿಲ್ಲ.

ನೋಡಿದವರು: 41,200.

ಮಾರ್ಚ್ 10, ಸೋಮವಾರ

ನಮ್ಮ ಪುಟಕ್ಕೆ ಒಬ್ಬ ಹೊಸ ಅತಿಥಿ ಬಂದಿದ್ದಾರೆ. ಯಾವ ಪೋಸ್ಟು ಹಾಕಿದರೂ ಕೆಳಗೆ ಒಂದೇ ಮಾತು: "ತಡವಾಯಿತು." ಸೊಳ್ಳೆ ಪರದೆ ಕಟ್ಟಿ ಅಂದರೆ, ತಡವಾಯಿತು. ಮಕ್ಕಳ ಹಲ್ಲುಜ್ಜಿಸಿ ಅಂದರೆ, ತಡವಾಯಿತು. ಇವತ್ತು ಕೈ ತೊಳೆಯುವ ಪೋಸ್ಟಿಗೂ ಅದೇ. ಮುಖದ ಚಿತ್ರದ ಜಾಗದಲ್ಲಿ ಒಂದು ಹಳೆಯ ಕ್ಯಾಮೆರಾದ ಚಿತ್ರ.

"ಕೋಟೆ ಕೊಳ್ಳೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕ್ತೀರಿ ಅಂತಿದಾನೆ ಪುಣ್ಯಾತ್ಮ," ಎಂದ ಕುಂಚಣ್ಣ. "ನಿನ್ನ ಪೋಸ್ಟು ಓದೋಷ್ಟರಲ್ಲಿ ಅವನ ಹಲ್ಲೆಲ್ಲಾ ಬಿದ್ದುಹೋಗಿರ್ಬೇಕು."

ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವರಿಗೆ ತಡವಣ್ಣ ಎಂದು ಹೆಸರಿಟ್ಟೆವು.

ನೋಡಿದವರು: 8,300. ಸಾಲದು.

ಮಾರ್ಚ್ 13, ಗುರುವಾರ

ತಡವಣ್ಣನ ವಿಷಯ ಮೇಡಂ ಕಿವಿಗೆ ಬಿದ್ದಿದೆ. ಮೇಡಂ ನಮ್ಮ ವಿಭಾಗದ ಮುಖ್ಯಸ್ಥೆ, ಡಾಕ್ಟರು. ರೋಗಿಗಳನ್ನು ನೋಡುವುದು ಬಿಟ್ಟು ಎಂಟು ವರ್ಷವಾದರೂ ಎಲ್ಲರ ನಾಡಿ ಹಿಡಿದ ಹಾಗೇ ಮಾತಾಡುತ್ತಾರೆ.

"ಯಾರಮ್ಮ ಅದು? ಮೇಲಿನವರು ಪುಟ ತೆಗೆದು ನೋಡಿದ್ರೆ ಮೊದಲು ಕಾಣೋದೇ ಅದು. ಒಂದು ಎಚ್ಚರಿಕೆ ಕಳಿಸು, ಕೇಳದಿದ್ರೆ ತೆಗೆದುಹಾಕು."

ನಾಳೆ ಕಳಿಸುತ್ತೇನೆ. ಇವತ್ತು ಬೇಸಿಗೆಯ ಬಿಸಿಲಿನ ಪೋಸ್ಟು ಮುಗಿಸುವುದರಲ್ಲೇ ಸಂಜೆಯಾಯಿತು.

ನೋಡಿದವರು: 9,050.

ಮಾರ್ಚ್ 14, ಶುಕ್ರವಾರ

ಆದದ್ದನ್ನು ಆದ ಕ್ರಮದಲ್ಲೇ ಬರೆಯುತ್ತೇನೆ.

ಎಚ್ಚರಿಕೆ ಕಳಿಸಲು ತಡವಣ್ಣನ ಹೆಸರು ಒತ್ತಿದೆ. ಹೊಸಬರಾಗಿದ್ದರೆ ಖಾಲಿ ಜಾಗ ತೆರೆದುಕೊಳ್ಳಬೇಕು. ಖಾಲಿ ಇರಲಿಲ್ಲ. ಅವರು ನಮಗೆ ಮೊದಲೇ ಒಮ್ಮೆ ಬರೆದಿದ್ದರು, ನಾನು ಉತ್ತರವನ್ನೂ ಕೊಟ್ಟಿದ್ದೆ.

ಮಾರ್ಚ್ ನಾಲ್ಕು. ಒಂದು ಫೋಟೋ. ನೀಲಿ ಪರದೆಯ ಮುಂದೆ ಸ್ಟೂಲಿನ ಮೇಲೆ ಕೂತ ಹೆಂಗಸು, ಐವತ್ತೈದರ ಆಸುಪಾಸು, ತಲೆ ನೀಟಾಗಿ ಬಾಚಿದ್ದಾರೆ. ನಗುತ್ತಿದ್ದಾರೆ. ಬಾಯಿಯ ಎಡಗಡೆ ಮೇಲೆ ಹೋಗಿದೆ, ಕೆನ್ನೆ ಉಬ್ಬಿದೆ. ಬಲಗಡೆ ಏನೂ ಆಗಿಲ್ಲ, ತುಟಿಯ ತುದಿ ಕೆಳಗೆ ಜೋತುಬಿದ್ದಿದೆ. ಬಲ ಭುಜವೂ ಸ್ವಲ್ಪ ಇಳಿದಿದೆ. ಕೆಳಗೆ ಬರೆದಿದ್ದರು: "ನನ್ನ ಹೆಂಡತಿ. ನನ್ನದು ಫೋಟೋ ಸ್ಟುಡಿಯೋ. ಮೂವತ್ತು ವರ್ಷದಲ್ಲಿ ಇವಳು ಕ್ಯಾಮೆರಾ ಮುಂದೆ ನಕ್ಕಿದ್ದು ಇದೇ ಮೊದಲು. ನನ್ನನ್ನು ಅಣಕಿಸಲು ಬೇಕೆಂದೇ ಸೊಟ್ಟಗೆ ನಗುತ್ತಿದ್ದಾಳೆ. ಬಹುಮಾನ ಬರದಿದ್ದರೂ ಪರವಾಗಿಲ್ಲ."

ಫೋಟೋ ಬಂದದ್ದು 12:41ಕ್ಕೆ. ಅದರ ಕೆಳಗೆ 12:52ಕ್ಕೆ ನಾನು: "ಎಷ್ಟು ಚೆಂದದ ನಗು! ಹೀಗೇ ನಗುತ್ತಿರಿ." ಜೊತೆಗೊಂದು ಕೆಂಪು ಹೃದಯ.

ನಗು ಒಂದು ಕಡೆಗೆ ಸೊಟ್ಟಗಾಯಿತೆ ಎಂದು ಬರೆದ ಕೈ ಇದೇ. ಆ ಪೋಸ್ಟು ಅದೇ ಹೊತ್ತಿನಲ್ಲಿ ನನ್ನದೇ ಕಂಪ್ಯೂಟರಿನಲ್ಲಿ ಸಂಜೆಗಾಗಿ ಕಾಯುತ್ತಿತ್ತು.

ಎಚ್ಚರಿಕೆ ಕಳಿಸಲಿಲ್ಲ. "ಏನು ತಡವಾಯಿತು ಸರ್?" ಎಂದಷ್ಟೇ ಕೇಳಿದೆ. ಉತ್ತರ ಏನೆಂದು ಆಗಲೇ ಗೊತ್ತಿತ್ತು. ಹತ್ತು ನಿಮಿಷಕ್ಕೆ ಬಂತು.

"ಆ ದಿನ ಊಟ ಮಾಡಿ, ಸುಸ್ತು ಅಂತ ಮಲಗಿದಳು. ಅಂಗಡಿಗೆ ಗಿರಾಕಿಗಳು ಬಂದರು, ಹಿಂದಿನ ಕೋಣೆಗೆ ನಾನು ಹೋದದ್ದು ಐದು ಗಂಟೆಗೆ. ಎದ್ದು ಕೂತಿದ್ದಳು, ಮಾತಿರಲಿಲ್ಲ. ಆಸ್ಪತ್ರೆಯಲ್ಲಿ ಶುರುವಾದದ್ದು ಯಾವಾಗ ಎಂದು ಕೇಳಿದರು, ನನಗೆ ಗೊತ್ತಿರಲಿಲ್ಲ. ಮಧ್ಯಾಹ್ನದ ಫೋಟೋ ತೋರಿಸಿದೆ. ಡಾಕ್ಟರು ಸಮಯ ನೋಡಿ, ನಾಲ್ಕೂವರೆ ಗಂಟೆ ದಾಟಿತು ಎಂದರು. ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ನಿಮ್ಮ ಪೋಸ್ಟು ಬಂತು. ಚೆನ್ನಾಗಿ ಬರೆದಿದ್ದೀರಿ. ತಡವಾಯಿತು, ಅಷ್ಟೇ."

ಕುಂಚಣ್ಣ, "ಏನಂತೆ ತಡವಣ್ಣಂದು?" ಎಂದು ನಗುತ್ತಾ ಕೇಳಿದ. ತಲೆನೋವು ಎಂದು ಹೇಳಿ ರಜೆ ಹಾಕಿ ಬಂದೆ.

ಮಾರ್ಚ್ 15, ಶನಿವಾರ

ಅಳಿಸಿದೆ.

ಅವರ ಫೋಟೋವನ್ನಲ್ಲ, ಅದು ನನ್ನ ಕೈಯಲ್ಲಿಲ್ಲ. 12:52ರ ನನ್ನ ಮಾತನ್ನು. ಬೆರಳು ಒತ್ತಿ ಹಿಡಿದರೆ 'ಇಬ್ಬರಿಗೂ ಕಾಣದಂತೆ ಅಳಿಸು' ಎಂದು ಬರುತ್ತದೆ. ಈಗ ಅಲ್ಲಿ ಏನೂ ಇಲ್ಲ. ನಾಳೆ ಯಾರಾದರೂ ಕೇಳಿದರೆ ನಾನು ಆ ಫೋಟೋ ನೋಡಿಯೇ ಇಲ್ಲ. ನೂರಹನ್ನೆರಡರಲ್ಲಿ ಒಂದು ಕಣ್ತಪ್ಪಿ ಹೋಗಿರಬಹುದು, ಹೋಗಬಾರದೇ?

ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವೇನು ಎಂದು ಅಮ್ಮ ಯಾವುದಕ್ಕೋ ಹೇಳಿದಳು. ಹಾಲು ಉಕ್ಕಿದ್ದಕ್ಕಿರಬೇಕು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ನಾನು ಬೆಚ್ಚಿಬಿದ್ದೆ.

ಮಾರ್ಚ್ 17, ಸೋಮವಾರ

ಬೆಳಿಗ್ಗೆ ಅಮ್ಮ ಬಚ್ಚಲಿನಿಂದ ಬಂದ ಕೂಡಲೇ, "ಅಮ್ಮಾ, ಒಂದ್ಸಲ ನಗು," ಎಂದೆ.

"ಯಾಕೇ, ಹಲ್ಲು ಎಣಿಸ್ತೀಯಾ? ಹೋದ ವಾರದಷ್ಟೇ ಇವೆ, ಕಳ್ಳತನ ಆಗಿಲ್ಲ."

ನಕ್ಕಳು. ಎರಡೂ ಕಡೆ ಸಮ ಇತ್ತು. ಸಮಾಧಾನವಾಯಿತು. ಬಸ್ಸಿನಲ್ಲಿ ಪಕ್ಕದ ಸೀಟಿನವಳು ಫೋನಿನಲ್ಲಿ ಮಾತಾಡುತ್ತಾ ನಗುತ್ತಿದ್ದಳು. ಇಳಿಯುವ ತನಕ ಅವಳ ಬಾಯಿಯನ್ನೇ ನೋಡಿದೆ. ಅವಳು ಮುಖ ಗಂಟಿಕ್ಕಿ ಬೇರೆ ಸೀಟಿಗೆ ಹೋದಳು.

ಕಚೇರಿಗೆ ಹೋಗುವಷ್ಟರಲ್ಲಿ ಸ್ಟುಡಿಯೋದವರ ಸಂದೇಶ ಬಂದು ಕೂತಿತ್ತು. "ಇಲ್ಲಿ ನಿಮ್ಮದೊಂದು ಮಾತಿತ್ತು, ಕಾಣುತ್ತಿಲ್ಲ. ಯಾಕೆ ತೆಗೆದಿರಿ? ಆ ದಿನ ಅದನ್ನು ನಾನು ಅವಳಿಗೆ ಓದಿ ಹೇಳಿದ್ದೆ. ಅವಳು, 'ಈ ಆಫೀಸಿನೋರು ಸುಳ್ಳು ಹೇಳಿದ್ರೂ ಚೆನ್ನಾಗಿ ಹೇಳ್ತಾರೆ ಬಿಡಿ' ಅಂದಳು. ಅದೇ ಅವಳು ಆಡಿದ ಕೊನೆಯ ಮಾತು. ಈಗ ಅವಳಿಗೆ ಹೇಳಿದ್ದೆಲ್ಲ ತಿಳಿಯುತ್ತದೆ, ಆಡಲು ಬರುವುದಿಲ್ಲ. ದಿನಕ್ಕೊಮ್ಮೆ ನಿಮ್ಮ ಮಾತನ್ನು ತೋರಿಸುತ್ತಿದ್ದೆ. ನೋಡಿ ನಗುತ್ತಿದ್ದಳು. ದಯವಿಟ್ಟು ಇದ್ದ ಹಾಗೆ ಹಾಕಿಕೊಡಿ."

ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ನನ್ನ ಕಳ್ಳತನದ ಗುರುತು ಎಂದುಕೊಂಡು ನಾನು ಅಳಿಸಿದ್ದು ಅವರ ಮನೆಯ ಆಸ್ತಿಯಾಗಿತ್ತು. ಉತ್ತರ ಬರೆಯಲು ಆಗಲಿಲ್ಲ. ಇವತ್ತು ಎರಡು ಪೋಸ್ಟು ಹೋದವು, ಯಾವುದರ ಬಗ್ಗೆ ಎಂದು ಈಗ ನೆನಪಾಗುತ್ತಿಲ್ಲ.

ಮಾರ್ಚ್ 19, ಬುಧವಾರ

ಎರಡು ದಿನ ನಾನು ಸುಮ್ಮನಿದ್ದದ್ದಕ್ಕೆ ಅವರು ಕಾಗದವನ್ನೇ ತಂದು ಕೊಟ್ಟು ಹೋಗಿದ್ದಾರೆ. ಬಂದಾಗ ನಾನು ಊಟಕ್ಕೆ ಎದ್ದಿದ್ದೆ. ಸ್ವೀಕೃತಿಯ ಮುದ್ರೆ ಬಿದ್ದು ಮೇಡಂ ಮೇಜಿಗೆ ಹೋಯಿತು. ಮೇಡಂ ನನ್ನನ್ನು ಕರೆದು, ಬಾಗಿಲು ಮುಚ್ಚಿ, ಅದನ್ನು ನನ್ನ ಮುಂದೆ ಇಟ್ಟರು.

ಗುಂಡು ಗುಂಡು ಅಕ್ಷರ. ಅಳಿಸಿದ ಮಾತನ್ನು ವಾಪಸು ಕೇಳಿದ್ದಾರೆ. ಆಮೇಲೆ ಒಂದು ಪ್ರಶ್ನೆ. "ಲಕ್ವದ ಪೋಸ್ಟು ಯಾವಾಗ ತಯಾರಾಗಿತ್ತು? ಮಧ್ಯಾಹ್ನವೇ ನಿಮ್ಮ ಪುಟದಲ್ಲಿ ಎಲ್ಲಾದರೂ ಇದ್ದು, ನಾನೇ ಗಮನಿಸದೆ ಹೋದೆನೆ? ಮುಖ ನೋಡಿ ಬದುಕಿದವನು ನಾನು. ತಪ್ಪು ನನ್ನದಾದರೆ ನನ್ನದೇ. ಗೊತ್ತಾದರೆ ಸಾಕು, ಬೇರೇನೂ ಬೇಡ."

"ಏನಿದು?" ಎಂದರು ಮೇಡಂ.

ಹೇಳಿದೆ. ಅದಲುಬದಲು ಮಾಡಿದ್ದು, ಫೋಟೋ, ಉತ್ತರ, ಅಳಿಸಿದ್ದು, ಎಲ್ಲ. ಮೇಡಂ ಬಯ್ಯುತ್ತಾರೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು.

"ನೋಡು, ಒಂದು ಉತ್ತರ ಬರಿ. ಪೋಸ್ಟು ಸಂಜೆ ಆರೂವರೆಗೇ ತಯಾರಾಗಿದ್ದು, ಆದ ತಕ್ಷಣ ಹಾಕಿದ್ವಿ ಅಂತ. ಪುಟ ನೋಡಿಕೊಳ್ಳೋಳು ನೀನು, ಸಹಿ ನಿಂದೇ ಇರಲಿ. ಮಂಗಳವಾರ ನಾಲ್ಕು ಗಂಟೆ ಅಂಚೆಗೆ ಹೋಗ್ಬೇಕು."

"ಅದು ಸುಳ್ಳಲ್ವಾ ಮೇಡಂ?"

"ಸುಳ್ಳೇ. ಆದ್ರೆ ಯಾರಿಗೆ ನಷ್ಟ ಹೇಳು? ಮಧ್ಯಾಹ್ನ ಇರ್ಲೇ ಇಲ್ಲ ಅಂತ ಗೊತ್ತಾದ್ರೆ ಆ ಮನುಷ್ಯ ತನ್ನನ್ನ ತಾನು ಹಳಿದುಕೊಳ್ಳೋದು ಬಿಡ್ತಾನೆ. ನಿನ್ನ ಗುತ್ತಿಗೆನೂ ಉಳಿಯುತ್ತೆ. ನಿಜ ಹೇಳಿದ್ರೆ ಅವನಿಗೆ ಹೊಸದಾಗಿ ಒಂದು ಬೆಂಕಿ ಕೊಟ್ಟ ಹಾಗೆ. ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ ಕಣಮ್ಮ."

ಮೇಡಂ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಮಾರ್ಚ್ 20, ಗುರುವಾರ

ಅಮ್ಮ ನಕ್ಕಳು. ಸಮ ಇದೆ.

ಮಾರ್ಚ್ 21, ಶುಕ್ರವಾರ

ಉತ್ತರ ಬೆರಳಚ್ಚಾಗಿ ಬಂದಿದೆ. "ಸದರಿ ಪೋಸ್ಟ್ ದಿನಾಂಕ ಮಾರ್ಚ್ 4ರಂದು ಸಂಜೆ 6:30ಕ್ಕೆ ಸಿದ್ಧಗೊಂಡಿದ್ದು, ವಿಳಂಬವಿಲ್ಲದೆ ಪ್ರಕಟಿಸಲಾಗಿರುತ್ತದೆ." ಕೆಳಗೆ ನನ್ನ ಸಹಿಗೆ ಜಾಗ. ಖಾನೆಯಲ್ಲಿಟ್ಟು, ಮತ್ತೆ ತೆಗೆದು ನೋಡಿ, ಮತ್ತೆ ಖಾನೆಯಲ್ಲಿಟ್ಟೆ.

ಕುಂಚಣ್ಣನಿಗೆ ಹೇಳಿದೆ. ಅವನಿಗೆ ಹೇಳದೆ ವಿಧಿಯಿರಲಿಲ್ಲ, ಆ ಪೋಸ್ಟಿನ ಚಿತ್ರವನ್ನು ಫೆಬ್ರವರಿ ಕೊನೆಗೇ ಮಾಡಿ ಮುಗಿಸಿದ್ದವನು ಅವನೇ. ಅವನು ಕುರ್ಚಿಯನ್ನು ನನ್ನ ಕಡೆಗೆ ಎಳೆದುಕೊಂಡ.

"ನನ್ನ ಬಾಯಿಂದ ಏನೂ ಬರಲ್ಲ, ಪುಟಮ್ಮ. ಅದರ ಯೋಚನೆ ಬಿಡು."

"ನೀನಾಗಿದ್ರೆ ಏನ್ ಮಾಡ್ತಿದ್ದೆ?"

"ನಾನಾ? ಸಹಿ ಹಾಕಿ, ಮನೆಗೆ ಹೋಗಿ, ಎರಡು ದಿನ ಮಂಕಾಗಿ ಕೂತು, ಆಮೇಲೆ ಮರೆತುಬಿಡ್ತಿದ್ದೆ." ಕುರ್ಚಿಯನ್ನು ತನ್ನ ಮೇಜಿನ ಕಡೆಗೆ ವಾಪಸು ತಳ್ಳಿಕೊಂಡು, "ತಡವಣ್ಣ ಅಂತ ಹೆಸರಿಟ್ಟು ನಕ್ಕಿದ್ವಲ್ಲೇ," ಎಂದ.

ಬೇಸಿಗೆಯ ಪೋಸ್ಟನ್ನು ಯಾವ ಹೊತ್ತಿಗೆ ಹಾಕುತ್ತೀಯ ಎಂದು ಮೇಡಂ ಕಡೆಯಿಂದ ಚೀಟಿ ಬಂತು. ಬಿಸಿಲಿಗೆ ಹೋಗುವವರು ಮನೆ ಬಿಡುವುದು ಬೆಳಿಗ್ಗೆ ಆರೂವರೆಗೆ. ಆರಕ್ಕೆ ಹಾಕುತ್ತೇನೆ ಎಂದು ಬರೆದು ಕಳಿಸಿದೆ. ಆ ಹೊತ್ತಿಗೆ ಪುಟ ನೋಡುವವರು ಕೈಬೆರಳೆಣಿಕೆಯಷ್ಟು ಎಂದು ಚೀಟಿ ವಾಪಸು ಬಂತು. ನಾಳೆ ಬೆಳಿಗ್ಗೆ ಆರಕ್ಕೇ ಹೋಗುವಂತೆ ಇಟ್ಟೆ.

ಮಾರ್ಚ್ 24, ಸೋಮವಾರ

ಕಾಗದದ ಮೇಲಿದ್ದ ವಿಳಾಸ ಹಿಡಿದು ಊಟದ ಹೊತ್ತಿನಲ್ಲಿ ಸ್ಟುಡಿಯೋ ಇರುವ ಬೀದಿಗೆ ಹೋದೆ. ಒಳಗೆ ಹೋಗಲಿಲ್ಲ. ಎದುರು ಔಷಧಿ ಅಂಗಡಿಯ ಮುಂದೆ ನಿಂತು, ಕೊಳ್ಳಬೇಕಿಲ್ಲದ ಕೆಮ್ಮಿನ ಮಾತ್ರೆ ಕೊಂಡು, ಗಾಜಿನ ಬಾಗಿಲಿನಾಚೆ ನೋಡಿದೆ.

ಸಣ್ಣ ಅಂಗಡಿ. ನೀಲಿ ಪರದೆ, ಸ್ಟೂಲು, ಕೊಡೆಯ ಹಾಗೆ ಬಿಚ್ಚಿಕೊಂಡ ಎರಡು ದೀಪ. ಕಾಲೇಜಿನ ಹುಡುಗಿಯೊಬ್ಬಳು ಫೋಟೋಗೆ ಬಂದಿದ್ದಳು. ಅವರು ಅವಳನ್ನು ಕೂರಿಸಿ ಏನೋ ಹೇಳಿದರು. ಹುಡುಗಿ ನಕ್ಕಳು. ಬಗ್ಗಿ ಅವಳ ಮುಖವನ್ನು ನೋಡಿದರು, ಎಡಗಡೆಯಿಂದ ಒಮ್ಮೆ, ಬಲಗಡೆಯಿಂದ ಒಮ್ಮೆ. ಆಮೇಲೆ ಅವಳು ಎರಡೂ ಕೈ ಮುಂದೆ ಚಾಚಿ ಎತ್ತಿದಳು. ಆಮೇಲೆ ಏನೋ ಮಾತಾಡಿದಳು. ಅದೆಲ್ಲ ಆದ ಮೇಲೇ ಅವರು ಕ್ಯಾಮೆರಾ ಮುಟ್ಟಿದ್ದು. ಮುಂದೆ ಬಂದ ಇಬ್ಬರಿಗೂ ಹಾಗೇ ಮಾಡಿಸಿದರು.

"ಅಲ್ಲಿ ಫೋಟೋ ತೆಗೆಸೋಕೆ ಹೋದ್ರೆ ಕವಾಯತು ಮಾಡಿಸ್ತಾರೆ," ಎಂದ ಔಷಧಿ ಅಂಗಡಿಯವನು. "ಹೆಂಡ್ತಿಗೆ ಹಾಗಾದ್ಮೇಲೆ ಶುರು. ಪಾಪ, ಹೋದ ವಾರ ನಂಗೂ ಮಾಡಿಸಿದ್ರು."

ನಲವತ್ತೊಂದು ಸಾವಿರ ಜನಕ್ಕೆ ನಾನು ಹೇಳಿದ್ದನ್ನು ಅವರು ಒಬ್ಬೊಬ್ಬರನ್ನೇ ಕೂರಿಸಿ ಹೇಳುತ್ತಿದ್ದಾರೆ. ನನಗೆ ನಾಚಿಕೆಯಾಯಿತು.

ಮಾರ್ಚ್ 25, ಮಂಗಳವಾರ

ಸ್ಟುಡಿಯೋದಿಂದ ಎರಡು ಬೀದಿ ಆಚೆ, ಬಸ್ ನಿಲ್ದಾಣದಲ್ಲಿ ಕೂತು ಬರೆಯುತ್ತಿದ್ದೇನೆ. ಈಗಲೇ ಬರೆಯದಿದ್ದರೆ ನಾಳೆಗೆ ಎಲ್ಲವೂ ನನಗೆ ಅನುಕೂಲವಾಗುವ ಹಾಗೆ ನೆನಪಾಗತೊಡಗುತ್ತದೆ.

ಸಹಿ ಹಾಕದ ಉತ್ತರ ಬ್ಯಾಗಿನಲ್ಲಿತ್ತು. ಹನ್ನೆರಡೂವರೆಗೆ ಬಾಗಿಲು ತಳ್ಳಿ ಒಳಗೆ ಹೋದೆ. ಅಂಗಡಿ ಖಾಲಿ. ಗೋಡೆಯ ಪಕ್ಕ ಕೈಯಿರುವ ಕುರ್ಚಿಯಲ್ಲಿ ಅವರ ಹೆಂಡತಿ ಕೂತಿದ್ದರು, ಬಲಗೈ ಮಡಿಲಿನ ದಿಂಬಿನ ಮೇಲಿತ್ತು. ಫೋಟೋದಲ್ಲಿದ್ದಂತೆಯೇ ನೀಟಾಗಿ ತಲೆ ಬಾಚಿತ್ತು. ಬಾಚಿದವರು ಯಾರೆಂದು ಕೇಳಬೇಕಿರಲಿಲ್ಲ.

"ಬನ್ನಿಮ್ಮಾ. ಪಾಸ್‌ಪೋರ್ಟಾ, ಐಡಿ ಕಾರ್ಡಿಗಾ?"

"ಪಾಸ್‌ಪೋರ್ಟಿಗೆ," ಎಂದೆ. ಬಾಯಿಗೆ ಬಂದದ್ದು ಅದು. ಸ್ಟೂಲಿನ ಮೇಲೆ ಕೂರಿಸಿದರು. ದೀಪ ಹಾಕಿದರು.

"ಮೊದ್ಲು ಒಂದ್ಸಲ ಚೆನ್ನಾಗಿ ನಗಿ ನೋಡೋಣ. ಫೋಟೋಗಲ್ಲ, ಸುಮ್ನೆ."

ನಗಲು ಆಗಲಿಲ್ಲ. ತುಟಿ ಎಳೆದೆ, ಅದು ನಡುಗಿ ಒಂದು ಕಡೆಗೆ ಹೋಯಿತು. ಅವರು ಬಗ್ಗಿದರು.

"ಇನ್ನೊಂದ್ಸಲ. ಆಗ್ತಿಲ್ವಾ? ಎರಡೂ ಕೈ ಎತ್ತಿಮ್ಮಾ. ಎತ್ತಿ."

ಎತ್ತಿದೆ. ಬ್ಯಾಗು ಹಿಡಿದಿದ್ದ ಕೈ ಅರ್ಧಕ್ಕೇ ನಿಂತು ನಡುಗಿತು.

"ನಿಮ್ಮ ಹೆಸರು ಹೇಳಿ."

ಗಂಟಲಿನಿಂದ ಸ್ವರ ಹೊರಡಲಿಲ್ಲ. ಅವರ ಮುಖ ಬಿಳಿಚಿಕೊಂಡಿತು. ಕುರ್ಚಿಯಲ್ಲಿದ್ದ ಹೆಂಡತಿ ಎಡಗೈ ಊರಿ ಏಳಲು ನೋಡಿದರು, ಬಾಯಿಂದ ಏನೋ ಸದ್ದು ಬಂತು. ಅವರು ಗೋಡೆಯ ಗಡಿಯಾರ ನೋಡಿ, "ಹನ್ನೆರಡು ಮೂವತ್ನಾಲ್ಕು," ಎಂದು ಗಟ್ಟಿಯಾಗಿ ಹೇಳಿಕೊಂಡರು. "ಎಷ್ಟೊತ್ತಿಂದ ಹೀಗಿದೆ? ಬೆಳಿಗ್ಗೆ ಚೆನ್ನಾಗಿದ್ರಾ? ಹೆದರ್ಬೇಡಿಮ್ಮಾ, ಹೊತ್ತಿದೆ, ಇನ್ನೂ ಹೊತ್ತಿದೆ." ಫೋನು ಎತ್ತಿ ಆಂಬುಲೆನ್ಸಿನ ನಂಬರು ಒತ್ತತೊಡಗಿದರು. ಅವರ ಬೆರಳುಗಳು ತಪ್ಪಿ ತಪ್ಪಿ ಬೀಳುತ್ತಿದ್ದವು.

ಎದ್ದು ಅವರ ಕೈ ಹಿಡಿದುಕೊಂಡೆ. "ಸರ್, ನಂಗೇನೂ ಆಗಿಲ್ಲ. ನಾನು ಆರೋಗ್ಯ ಕಚೇರಿಯವಳು. ಆ ಮಾತು ಬರೆದೋಳೂ ನಾನೇ, ಅಳಿಸಿದೋಳೂ ನಾನೇ."

ಅವರು ಫೋನು ಇಟ್ಟರು. ನಾನು ಅಳುತ್ತಲೇ ಹೇಳಿದೆ. ಫೋಟೋ ನೋಡಿಯೂ ನೋಡಲಿಲ್ಲ, ಹೆದರಿ ಅಳಿಸಿದೆ, ಕ್ಷಮಿಸಿ. ಅಲ್ಲೇ ನಿಂತು, ಅಳಿಸಿದ ಮಾತನ್ನು ಒಂದಕ್ಷರ ಬಿಡದೆ ಮತ್ತೆ ಬರೆದು ಕಳಿಸಿದೆ. ಅವರು ಅದನ್ನು ಹೆಂಡತಿಗೆ ತೋರಿಸಿದರು. ಆ ತಾಯಿ ಓದಿ, ನನ್ನ ಕಡೆ ನೋಡಿ, ಅರ್ಧ ಮುಖದಲ್ಲಿ ನಕ್ಕರು. ಈ ಸಲ ನಾನು ಆ ನಗುವನ್ನು ಎರಡೂ ಕಡೆ ನೋಡಿದೆ.

"ಕೂತ್ಕೊಳ್ಳಿಮ್ಮಾ," ಎಂದರು ಅವರು. ಬಾಗಿಲ ಬಳಿಯ ಬೆಂಚಿನ ಮೇಲೆ ಕೂರಿಸಿ ನೀರು ತಂದುಕೊಟ್ಟರು. "ಚಿಕ್ಕೋರು ನೀವು, ಹೆದರ್ಕೊಂಡ್ರಿ. ಮುಖದೆದುರು ನಿಂತೋನು ನಾನು, ನಂಗೇ ಕಾಣ್ಲಿಲ್ಲ. ಹೋಗ್ಲಿ. ಒಂದೇ ಹೇಳ್ಬಿಡಿ. ಆ ಪೋಸ್ಟು ಸಂಜೆಗೇ ತಯಾರಾಗಿದ್ದು ಅಲ್ವಾ? ಮಧ್ಯಾಹ್ನ ಇರ್ಲಿಲ್ಲ ತಾನೆ? ಹಾಗಾದ್ರೆ ಯಾರದೂ ತಪ್ಪಿಲ್ಲ ಬಿಡಿ."

ಹೌದು ಅನ್ನಬಹುದಿತ್ತು. ನೀರು ಕುಡಿದು, ಬ್ಯಾಗಿನಿಂದ ಕಾಗದ ತೆಗೆದು ಸಹಿ ಹಾಕಿ ಅವರ ಕೈಗೇ ಕೊಡಬಹುದಿತ್ತು. ಅವರು ನಿದ್ದೆ ಮಾಡುತ್ತಿದ್ದರು, ನನ್ನ ಕೆಲಸ ಉಳಿಯುತ್ತಿತ್ತು. ಅವರ ಹೆಂಡತಿ ಇನ್ನೂ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಎಲ್ಲ ತಿಳಿಯುತ್ತದೆ.

"ಅಲ್ಲ ಸರ್," ಎಂದೆ. "ನಾಲ್ಕು ದಿನ ಮೊದ್ಲೇ ತಯಾರಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಹಾಕ್ಬೇಕು ಅಂತ ಒಪ್ಪಿಗೆನೂ ಆಗಿತ್ತು. ನಾನೇ ಸಂಜೆಗೆ ಹಾಕಿದೆ. ಆ ಜಾಗದಲ್ಲಿ ನಗುವಿನ ಸ್ಪರ್ಧೆ ಹಾಕಿದೆ." ಕಾಗದ ತೆಗೆದು ಕೊಟ್ಟೆ. "ನಿಮ್ಮ ಕೈಗೆ ಬರಬೇಕಾಗಿದ್ದ ಉತ್ತರ ಇದು. ಇದ್ರಲ್ಲಿರೋದು ಸುಳ್ಳು."

ಅವರು ಕನ್ನಡಕ ಹಾಕಿಕೊಂಡು ಓದಿದರು. ಎರಡು ಸಲ ಓದಿದರು ಅನ್ನಿಸುತ್ತದೆ. ಮಡಿಸಿ ಗಾಜಿನ ಕಪಾಟಿನ ಮೇಲಿಟ್ಟರು.

"ಸಂಜೆಗೆ ಯಾಕೆ ಹಾಕಿದ್ರಿ?"

"ಸಂಜೆ ಜಾಸ್ತಿ ಜನ ನೋಡ್ತಾರೆ ಅಂತ."

"ಎಷ್ಟು ಜನ ನೋಡಿದ್ರು?"

"ನಲವತ್ತೊಂದು ಸಾವಿರ."

"ಮಧ್ಯಾಹ್ನ ಆಗಿದ್ರೆ?"

"ಐದಾರು ಸಾವಿರ ಸರ್. ಅಷ್ಟೇ."

ಅವರು ಖಾಲಿ ಸ್ಟೂಲಿನ ಕಡೆ ನೋಡಿದರು, ಗಡಿಯಾರದ ಕಡೆ ನೋಡಿದರು. ಬಯ್ಯಲಿಲ್ಲ. ಸ್ವರ ಏರಿಸಲೂ ಇಲ್ಲ.

"ಈ ಹೊತ್ತಲ್ಲಿ ದಿನಾ ಅಂಗಡಿ ಖಾಲಿ," ಎಂದರು. "ಗಿರಾಕಿ ಇಲ್ದಾಗ ನಿಮ್ಮ ಪುಟ ನೋಡ್ಕೊಂಡು ಕೂತಿರ್ತೀನಿ, ಅವಳೂ ಪಕ್ಕದಲ್ಲೇ ಇರ್ತಾಳೆ. ಆ ಐದಾರು ಸಾವಿರದಲ್ಲಿ ನಾನಿರ್ತಿದ್ದೆನಮ್ಮಾ."

ಅವರ ಹೆಂಡತಿ ಎಡಗೈ ಚಾಚಿ ಗಂಡನ ಅಂಗಿಯ ತುದಿ ಹಿಡಿದುಕೊಂಡರು. ನಾನು ಎದ್ದು, ದೀಪ ಆರಿಸಿ, ಹೊರಗೆ ಬಂದೆ.